ಡೆಲಿವರಿ ಪಾರ್ಟ್‌ನರ್ ಯಾರ ಪಾಲುದಾರ? ಕಾಯುವ ಹೊತ್ತಿನ ಲೆಕ್ಕ ಯಾರ ತಲೆಗೆ?

2023ರ ಮಾರ್ಚ್‌ನಲ್ಲಿ ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್, ಡೆಲಿವರೂ ಕಂಪನಿಗಾಗಿ ಊಟ ಮುಟ್ಟಿಸುವವರು ಆ ಕಂಪನಿಯ ನೌಕರರೇ ಎಂದಿತು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದೇ ಕಂಪನಿಯ ರೈಡರ್‌ಗಳ ಬಗ್ಗೆ, ಇವರು ನೌಕರರಲ್ಲ ಎಂದಿತು. ಬೆನ್ನಿಗೆ ಅದೇ ಚೀಲ, ಕೈಯಲ್ಲಿ ಅದೇ ಬಗೆಯ ಆ್ಯಪ್, ಮಾಡುವುದು ಅದೇ ಕೆಲಸ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಇದರ ಮೇಲೆ ಇನ್ನಷ್ಟು ಸುದ್ದಿಗಳು ಪೇರಿಕೊಂಡಿವೆ. ಐರೋಪ್ಯ ಒಕ್ಕೂಟದ ಸದಸ್ಯ ದೇಶಗಳು ಪ್ಲಾಟ್‌ಫಾರ್ಮ್ ಕೆಲಸದ, ಅಂದರೆ ಆ್ಯಪ್ ಮೂಲಕ ಸಿಗುವ ಕೆಲಸದ, ಕುರಿತ ನಿರ್ದೇಶನವನ್ನು 2026ರ ಡಿಸೆಂಬರ್ 2ರೊಳಗೆ ತಮ್ಮ ಕಾನೂನಿಗೆ ಸೇರಿಸಿಕೊಳ್ಳಬೇಕು. ಸಿಂಗಪುರ 2025ರ ಜನವರಿಯಿಂದ ಇವರಿಗಾಗಿಯೇ ಹೊಸದೊಂದು ವರ್ಗ ಮಾಡಿದೆ. ಭಾರತದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ‘ಗಿಗ್ ಕಾರ್ಮಿಕ’ (ಕಾಯಂ ನೌಕರಿಯಿಲ್ಲದೆ ಬಿಡಿ ಬಿಡಿ ಕೆಲಸ ಮಾಡುವವರು) ಎಂಬ ಮಾತಿಗೆ ಅರ್ಥ ಸಿಕ್ಕಿದೆ. ಆದರೆ ‘ನೌಕರ’ ಎಂಬ ಪಟ್ಟ ಸಿಕ್ಕಿಲ್ಲ.

ಹಾಗಾದರೆ ಊಟ ತಂದುಕೊಡುವವರು ಯಾರು? ನೌಕರರೋ, ಸ್ವಂತ ದುಡಿಮೆಯವರೋ, ಕಂಪನಿಗಳು ಕರೆಯುವಂತೆ ‘ಪಾರ್ಟ್‌ನರ್‌’ಗಳೋ? ಈ ಹೆಸರಿನ ಜಗಳ ಮುಖ್ಯವೇ. ಆದರೆ ಅದರ ಅಡಿಯಲ್ಲಿ ಇನ್ನೊಂದು ಲೆಕ್ಕ ಕೂತಿದೆ. ಆರ್ಡರ್ ಇಲ್ಲದೆ ಕಾದು ಕೂರುವ ಹೊತ್ತಿಗೆ ದುಡ್ಡು ಯಾರು ಕೊಡಬೇಕು ಎನ್ನುವ ಲೆಕ್ಕ ಅದು. ಒಂದಕ್ಕೊಂದು ತಾಳೆಯಾಗದಂತೆ ಕಾಣುವ ಈ ಕಾನೂನುಗಳನ್ನೆಲ್ಲ ಆ ಲೆಕ್ಕಕ್ಕೆ ಒಡ್ಡಿ ನೋಡಿದರೆ ಗೊಂದಲ ಅರ್ಧ ತಿಳಿಯಾಗುತ್ತದೆ.

ಒಂದು ಆರ್ಡರಿನ ಒಳಗೆ

ಫೋನು ಗುಂಯ್‌ಗುಡುತ್ತದೆ. ಪರದೆಯ ಮೇಲೆ ಹೋಟೆಲಿನ ಹೆಸರು, ದೂರ, ಸಿಗುವ ಮೊತ್ತ. ಪಕ್ಕದಲ್ಲಿ ಸೆಕೆಂಡುಗಳು ಕರಗುತ್ತಿರುತ್ತವೆ. ಅಷ್ಟರೊಳಗೆ ಒಪ್ಪಬೇಕು, ಇಲ್ಲವಾದರೆ ಆರ್ಡರ್ ಇನ್ನೊಬ್ಬರ ಪಾಲು. ಒಪ್ಪಿದ ಮೇಲೆ ಹೋಟೆಲಿಗೆ ಓಟ. ಅಲ್ಲಿ ಕೌಂಟರಿನ ಮುಂದೆ ಬೇರೆ ಬೇರೆ ಬಣ್ಣದ ಅಂಗಿ ತೊಟ್ಟ ಏಳೆಂಟು ಮಂದಿ ತಮ್ಮ ತಮ್ಮ ನಂಬರ್ ಕೂಗುವುದನ್ನೇ ಕಾಯುತ್ತಿರುತ್ತಾರೆ. ಒಳಗಿನಿಂದ ‘ಎರಡೇ ನಿಮಿಷ’ ಎಂಬ ಉತ್ತರ ಬರುತ್ತದೆ. ಆ ಎರಡು ನಿಮಿಷ ಹತ್ತಾದರೂ ಆಗಬಹುದು, ಇಪ್ಪತ್ತಾದರೂ ಆಗಬಹುದು. ಪೊಟ್ಟಣ ಕೈಗೆ ಬಂದ ಮೇಲೆ ಸಿಗ್ನಲ್, ಗೇಟಿನಲ್ಲಿ ಹೆಸರು ಬರೆಸುವುದು, ಲಿಫ್ಟಿಗೆ ಕಾಯುವುದು, ಬಾಗಿಲು ತಟ್ಟುವುದು. ಕೊಟ್ಟಾಯಿತು. ಈಗ ಊರಿನ ಅಂಚಿನಿಂದ ಆರ್ಡರ್ ಸಿಗುವ ಜಾಗಕ್ಕೆ ವಾಪಸ್ ಬರಬೇಕು. ಆ ದಾರಿ ಸಾಮಾನ್ಯವಾಗಿ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಗ್ರಾಹಕರು ನೋಡುವುದು ನಕ್ಷೆಯ ಮೇಲೆ ತೆವಳುವ ಒಂದು ಚುಕ್ಕಿಯನ್ನು. ಚುಕ್ಕಿ ಕಾಣಿಸಿಕೊಳ್ಳುವ ಮೊದಲಿನ ಮತ್ತು ಮಾಯವಾದ ನಂತರದ ಹೊತ್ತು ಅವರಿಗೆ ಕಾಣುವುದಿಲ್ಲ.

ಅರ್ಥವಾಗಲೆಂದು ಒಂದು ಕಲ್ಪಿತ ಲೆಕ್ಕ ಹಾಕೋಣ. ರೈಡರ್ ಒಬ್ಬರು ಹತ್ತು ಗಂಟೆ ಲಾಗಿನ್ ಆಗಿದ್ದರು. ಅದರಲ್ಲಿ ಆರ್ಡರ್ ಕೈಯಲ್ಲಿದ್ದದ್ದು ಆರು ಗಂಟೆ. ಆರ್ಡರಿನ ಪ್ರತಿ ಗಂಟೆಗೆ 100ರಂತೆ ಬಂದರೆ ದಿನದ ಗಳಿಕೆ 600. ಕಂಪನಿ ‘ಗಂಟೆಗೆ 100’ ಎಂದು ಜಾಹೀರಾತು ಕೊಡುತ್ತದೆ. ರೈಡರ್ ‘ಗಂಟೆಗೆ 60, ಅದರಲ್ಲೇ ಪೆಟ್ರೋಲು, ಟೈರು, ಸರ್ವಿಸು, ಫೋನಿನ ಡೇಟಾ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಭಾಗಿಸುವ ಸಂಖ್ಯೆ ಮಾತ್ರ ಬೇರೆ. ಗಳಿಕೆಯ ಬಗ್ಗೆ ಎರಡು ಕಡೆಯವರು ಕೊಡುವ ಅಂಕಿಗಳು ಎಂದೂ ಹೊಂದದಿರುವುದಕ್ಕೆ ಇದು ದೊಡ್ಡ ಕಾರಣ.

ಕಾಯುವಿಕೆ ಬಿಟ್ಟಿ ಸಿಕ್ಕರೆ ಏನಾಗುತ್ತದೆ

ಅಗ್ನಿಶಾಮಕ ದಳದವರಿಗೆ ಬೆಂಕಿ ಬಿದ್ದ ಹೊತ್ತಿಗೆ ಮಾತ್ರ ಸಂಬಳ ಎಂದರೆ ಯಾರೂ ಒಪ್ಪಲಾರರು. ಅವರು ಸಿದ್ಧರಾಗಿ ಕೂತಿರುವುದೇ ಅವರ ಕೆಲಸದ ಒಂದು ಭಾಗ. ಬೇಗ ಊಟ ಮುಟ್ಟಿಸುವ ವ್ಯವಹಾರವೂ ಹೀಗೆಯೇ. ಆರ್ಡರ್ ಬಿದ್ದ ಕ್ಷಣ ಹತ್ತಿರದಲ್ಲಿ ಒಬ್ಬರು ಖಾಲಿ ಕೂತಿರಬೇಕು. ಯಾರೂ ಖಾಲಿ ಇಲ್ಲದಿದ್ದರೆ ‘ಅರ್ಧ ಗಂಟೆಯಲ್ಲಿ’ ಎಂಬ ಭರವಸೆಯೇ ಬಿದ್ದುಹೋಗುತ್ತದೆ. ಅಂದರೆ ರೈಡರ್ ಕಾಯುತ್ತಿರುವುದು ಗ್ರಾಹಕರಿಗೆ ಮಾರಾಟವಾಗುವ ಸರಕಿನಲ್ಲೇ ಸೇರಿದೆ.

ಕಾಯುವ ಹೊತ್ತಿಗೆ ಕಂಪನಿಯೇ ದುಡ್ಡು ಕೊಡುವಂತಿದ್ದರೆ, ಒಂದು ಬಡಾವಣೆಗೆ ಎಷ್ಟು ಮಂದಿ ಬೇಕೋ ಅಷ್ಟೇ ಮಂದಿಯನ್ನು ಇಟ್ಟುಕೊಳ್ಳುತ್ತಿತ್ತು. ದುಡ್ಡು ಕೊಡಬೇಕಿಲ್ಲ ಎಂದ ಮೇಲೆ ಮಿತಿ ಹಾಕಿಕೊಳ್ಳುವ ಗರಜು ಏನು? ಇನ್ನೂ ನೂರು ಮಂದಿ ಸೇರಿದರೆ ಆರ್ಡರ್ ಬೇಗ ಎತ್ತುತ್ತಾರೆ, ಗ್ರಾಹಕರಿಗೆ ಖುಷಿ, ಕಂಪನಿಗೆ ಖರ್ಚಿಲ್ಲ. ಹೊರೆ ಬೀಳುವುದು ಈಗಾಗಲೇ ಇರುವ ರೈಡರ್‌ಗಳ ಮೇಲೆ. ಹಂಚಿಕೆಯಾಗುವ ಆರ್ಡರ್ ಅಷ್ಟೇ, ಹಂಚಿಕೊಳ್ಳುವವರು ಹೆಚ್ಚು. ಪ್ರತಿ ಆರ್ಡರಿನ ದರ ಒಂದು ಪೈಸೆ ಇಳಿಯದಿದ್ದರೂ ದಿನದ ಗಳಿಕೆ ಇಳಿಯುವುದು ಹೀಗೆ. ‘ದರ ಕಡಿಮೆ ಮಾಡಿಯೇ ಇಲ್ಲವಲ್ಲ’ ಎಂದು ಕಂಪನಿ ಹೇಳಿದಾಗ ಅದು ನಿಜವಾಗಿದ್ದೂ ಉತ್ತರವಾಗದಿರುವುದು ಈ ಕಾರಣಕ್ಕೆ.

ಕಾದದ್ದನ್ನು ಸರಿದೂಗಿಸಲು ರೈಡರ್ ಕೈಯಲ್ಲಿರುವುದು ಎರಡೇ ದಾರಿ: ಇನ್ನೂ ಹೆಚ್ಚು ಹೊತ್ತು ಲಾಗಿನ್ ಆಗಿರುವುದು, ಇಲ್ಲವೇ ಸಿಕ್ಕ ಆರ್ಡರನ್ನು ಬೇಗ ಮುಗಿಸಿ ಮುಂದಿನದಕ್ಕೆ ಕೈಚಾಚುವುದು. ಮೊದಲನೆಯದು ದಣಿವು, ಎರಡನೆಯದು ಅಪಘಾತ. 2020ರ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಎರಡು ತಿಂಗಳ ಅಂತರದಲ್ಲಿ ಐವರು ಊಟದ ರೈಡರ್‌ಗಳು ರಸ್ತೆಯಲ್ಲಿ ಪ್ರಾಣ ಕಳೆದುಕೊಂಡರು. ಅಲ್ಲಿ ಈ ಕೆಲಸದ ಬಗ್ಗೆ ಗಂಭೀರ ಚರ್ಚೆ ಎದ್ದದ್ದು ಆಮೇಲೆ. ಚೀನಾದಲ್ಲೂ ರೈಡರ್‌ಗಳು ಕೆಂಪು ದೀಪ ದಾಟಿ, ಎದುರು ದಿಕ್ಕಿನಲ್ಲಿ ನುಗ್ಗುವುದಕ್ಕೆ ಅವರ ಅವಸರವನ್ನಷ್ಟೇ ಬೈದರೆ ಸಾಲದು, ಅವರಿಗೆ ಸಮಯ ಗೊತ್ತುಮಾಡುವ ಲೆಕ್ಕಾಚಾರವನ್ನು ನೋಡಬೇಕು ಎಂಬ ವಾದ 2020ರಲ್ಲಿ ಜೋರಾಯಿತು. ಮರುವರ್ಷ ಅಲ್ಲಿನ ಸರ್ಕಾರ, ಅತ್ಯಂತ ಬಿಗಿಯಾದ ಲೆಕ್ಕವನ್ನೇ ಅಳತೆಗೋಲು ಮಾಡದೆ ಮಧ್ಯಮ ಲೆಕ್ಕ ಇಟ್ಟುಕೊಳ್ಳಿ ಎಂದು ಕಂಪನಿಗಳಿಗೆ ಸೂಚಿಸಿತು. ಎಲ್ಲರಿಗಿಂತ ವೇಗವಾಗಿ ಓಡಿದವನ ಸಮಯವೇ ನಾಳೆ ಎಲ್ಲರ ಗಡುವಾಗುವುದಾದರೆ, ಓಡಿದವನು ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಂಡಂತೆ.

ಕೋರ್ಟುಗಳು ಒಂದೊಂದು ಮಾತು ಹೇಳುವುದೇಕೆ

ನ್ಯಾಯಾಧೀಶರ ಮುಂದೆ ಕಾಯುವ ಹೊತ್ತಿನ ಪ್ರಶ್ನೆ ನೇರವಾಗಿ ಬರುವುದು ಅಪರೂಪ. ಅವರು ಕೇಳುವುದು ಹಳೆಯದೊಂದು ಪ್ರಶ್ನೆ: ಹಿಡಿತ ಯಾರ ಕೈಯಲ್ಲಿದೆ?

ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ 2018ರ ನವೆಂಬರ್‌ನಲ್ಲಿ ಟೇಕ್ ಈಟ್ ಈಸಿ ಎಂಬ ಕಂಪನಿಯ ಪ್ರಕರಣದಲ್ಲಿ ಎರಡು ಸಂಗತಿ ಗಮನಿಸಿತು. ಕಂಪನಿ ಜಿಪಿಎಸ್ ಮೂಲಕ ರೈಡರ್ ಎಲ್ಲಿದ್ದಾರೆಂದು ಕ್ಷಣಕ್ಷಣವೂ ನೋಡುತ್ತಿತ್ತು. ತಪ್ಪಿಗೆ ದಂಡ ಹಾಕುವ ಪದ್ಧತಿಯೂ ಇತ್ತು. ಕಣ್ಣಿಟ್ಟು ನೋಡುವುದು, ತಪ್ಪಿದರೆ ಶಿಕ್ಷಿಸುವುದು ಯಜಮಾನನ ಲಕ್ಷಣ ಎಂದು ಕೋರ್ಟ್ ಹೇಳಿತು. ಸ್ಪೇನಿನ ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರ್‌ನಲ್ಲಿ ಗ್ಲೋವೊ ಕಂಪನಿಯ ರೈಡರ್ ವಿಷಯದಲ್ಲಿ ಇದೇ ದಾರಿ ಹಿಡಿಯಿತು.

ಬ್ರಿಟನ್ನಿನಲ್ಲಿ ಕಥೆ ತಿರುಗಿದ್ದು ಒಪ್ಪಂದದ ಒಂದು ಸಾಲಿನಿಂದ. ಡೆಲಿವರೂ ರೈಡರ್ ತನ್ನ ಬದಲು ಇನ್ನೊಬ್ಬರನ್ನು ಕಳಿಸಬಹುದು, ಕಂಪನಿಯ ಅನುಮತಿ ಬೇಕಿಲ್ಲ ಎಂಬ ಷರತ್ತು ಅದು. ತಾನೇ ಮಾಡಬೇಕೆಂಬ ಕಟ್ಟುಪಾಡಿಲ್ಲದ ಕೆಲಸ ನೌಕರಿ ಹೇಗಾದೀತು ಎಂಬ ತರ್ಕದ ಮೇಲೆ, ರೈಡರ್‌ಗಳ ಪರ ಸಾಮೂಹಿಕ ಚೌಕಾಸಿಯ ಹಕ್ಕು ಕೇಳಿದ್ದ ಸಂಘ ಸೋತಿತು. ಅದೇ ಷರತ್ತಿಗೆ ಆಮೇಲೆ ಇನ್ನೊಂದು ಮುಖವೂ ಕಾಣಿಸಿತು. ಒಬ್ಬರ ಖಾತೆಯನ್ನು ಇನ್ನೊಬ್ಬರು ಬಾಡಿಗೆಗೆ ಪಡೆದು ಓಡಿಸುವುದು ಹೆಚ್ಚಿ, ಸರ್ಕಾರದ ಒತ್ತಡಕ್ಕೆ ಕಂಪನಿಗಳು ಬದಲಿಯವರ ಗುರುತನ್ನೂ ಪರೀಕ್ಷಿಸಬೇಕಾಗಿ ಬಂತು.

ಇಷ್ಟೆಲ್ಲದರ ನಡುವೆ ಕಾಯುವ ಹೊತ್ತಿಗೆ ನೇರವಾಗಿ ಕೈಹಾಕಿದ್ದು ಊಟದ್ದಲ್ಲ, ಟ್ಯಾಕ್ಸಿಯ ಪ್ರಕರಣ. ಊಬರ್ ಚಾಲಕರ ವಿಷಯದಲ್ಲಿ 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಅದೇ ಸುಪ್ರೀಂ ಕೋರ್ಟ್, ಆ್ಯಪ್ ತೆರೆದು ತನ್ನ ಪರವಾನಗಿ ಪ್ರದೇಶದಲ್ಲಿ ಬಾಡಿಗೆಗೆ ಸಿದ್ಧನಾಗಿರುವ ಹೊತ್ತೂ ಕೆಲಸದ ಹೊತ್ತೇ ಎಂದಿತು. ಚಾಲಕರಿಗೆ ಗೆಲುವು, ರೈಡರ್‌ಗಳಿಗೆ ಸೋಲು. ಎರಡೂ ಒಂದೇ ಕಟ್ಟಡದಿಂದ ಹೊರಬಿದ್ದ ತೀರ್ಪುಗಳು. ನನಗೆ ಕಾಣುವಂತೆ ಇಲ್ಲಿ ವ್ಯತ್ಯಾಸ ತಂದದ್ದು ಬೀದಿಯ ಮೇಲಿನ ಕೆಲಸಕ್ಕಿಂತ ಹೆಚ್ಚಾಗಿ ಒಪ್ಪಂದ ಬರೆದ ವಕೀಲರ ಜಾಣ್ಮೆ.

ಸ್ವಾತಂತ್ರ್ಯದ ವಾದ

ಕಂಪನಿಗಳ ವಾದವನ್ನು ಬರೀ ನೆವ ಎಂದು ತಳ್ಳಿಹಾಕುವುದು ಸರಿಯಲ್ಲ. ಬೇಕಾದಾಗ ಲಾಗಿನ್, ಸಾಕಾದಾಗ ಲಾಗೌಟ್. ಸಂದರ್ಶನವಿಲ್ಲ, ಶಿಫಾರಸು ಬೇಕಿಲ್ಲ, ಒಂದೇ ಹೊತ್ತಿಗೆ ಎರಡು ಆ್ಯಪ್ ತೆರೆದಿಟ್ಟುಕೊಳ್ಳಬಹುದು. ಓದಿನ ನಡುವೆ ದಿನಕ್ಕೆರಡು ಗಂಟೆ ದುಡಿಯುವವರಿಗೆ, ಇನ್ನೊಂದು ಕೆಲಸ ಹುಡುಕುತ್ತಿರುವವರಿಗೆ ಇದು ನಿಜವಾದ ಅನುಕೂಲ. ನೌಕರಿ ಎಂದಾದರೆ ಪಾಳಿ ಬರುತ್ತದೆ, ಗಂಟೆ ನಿಗದಿಯಾಗುತ್ತದೆ, ತೆಗೆದುಕೊಳ್ಳುವವರ ಸಂಖ್ಯೆ ಇಳಿಯುತ್ತದೆ ಎಂಬ ಎಚ್ಚರಿಕೆಯೂ ಪೊಳ್ಳಲ್ಲ. ರೈಡರ್‌ಗಳಲ್ಲೇ ಈ ಬಗ್ಗೆ ಒಮ್ಮತವಿಲ್ಲ.

ಆದರೆ ಈ ಸ್ವಾತಂತ್ರ್ಯದ ಅಳತೆ ಎಲ್ಲರಿಗೂ ಒಂದೇ ಅಲ್ಲ. ಮನೆ ಬಾಡಿಗೆಯೂ ಗಾಡಿಯ ಕಂತೂ ಇದರಿಂದಲೇ ನಡೆಯಬೇಕಾದವರಿಗೆ, ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಇನ್ಸೆಂಟಿವ್ ಎಂಬ ಗುರಿಯೇ ಹಾಜರಿ ಪುಸ್ತಕ. ಗುರಿಗೆ ಇನ್ನೆರಡೇ ಆರ್ಡರ್ ಉಳಿದಿರುವಾಗ ಮಳೆ ಸುರಿದರೆ ‘ಲಾಗೌಟ್ ಮಾಡುವ ಸ್ವಾತಂತ್ರ್ಯ’ ಕಾಗದದ ಮೇಲೆ ಇರುತ್ತದೆ ಅಷ್ಟೆ.

ಇಟಲಿಯ ಬೊಲೊನ್ಯಾ ನ್ಯಾಯಾಲಯ 2020ರ ಡಿಸೆಂಬರ್ 31ರ ಆದೇಶದಲ್ಲಿ ಇದೇ ಎಳೆಯನ್ನು ಹಿಡಿದಿತ್ತು. ಡೆಲಿವರೂ ಬಳಸುತ್ತಿದ್ದ ಶ್ರೇಯಾಂಕ ಪದ್ಧತಿಯಲ್ಲಿ, ಕಾಯ್ದಿರಿಸಿದ ಪಾಳಿಗೆ ಬಾರದವರ ಅಂಕ ಇಳಿಯುತ್ತಿತ್ತು. ಅಂಕ ಇಳಿದರೆ ಮುಂದಿನ ಸಲ ಒಳ್ಳೆಯ ಪಾಳಿ ಸಿಗುತ್ತಿರಲಿಲ್ಲ. ಜ್ವರ ಬಂದು ಮಲಗಿದವರು, ಮುಷ್ಕರಕ್ಕೆ ಹೋದವರು, ಸುಮ್ಮನೆ ತಪ್ಪಿಸಿಕೊಂಡವರು ಆ ಪದ್ಧತಿಗೆ ಎಲ್ಲರೂ ಒಂದೇ. ಹಾಗೆ ಕಣ್ಣುಮುಚ್ಚಿಕೊಂಡಿರುವುದೇ ತಾರತಮ್ಯ ಎಂದು ಕೋರ್ಟ್ ಹೇಳಿತು.

ಕಾನೂನುಗಳನ್ನು ಲೆಕ್ಕಕ್ಕೆ ಒಡ್ಡಿದಾಗ

ಸ್ಪೇನ್ ಹೆಸರಿನ ಜಗಳವನ್ನೇ ಮುಗಿಸಲು ಹೊರಟಿತು. 2021ರ ಆಗಸ್ಟ್‌ನಲ್ಲಿ ಜಾರಿಯಾದ ‘ರೈಡರ್ ಕಾನೂನು’, ಆ್ಯಪ್ ಮೂಲಕ ಹಿಡಿತ ಇಟ್ಟುಕೊಂಡು ಡೆಲಿವರಿ ಮಾಡಿಸುವ ಕಂಪನಿಗೆ ರೈಡರ್‌ಗಳು ನೌಕರರೆಂದೇ ಭಾವಿಸಬೇಕು ಎಂದಿತು. ಡೆಲಿವರೂ ಅದೇ ನವೆಂಬರ್‌ನಲ್ಲಿ ದೇಶ ಬಿಟ್ಟಿತು. ಜಸ್ಟ್ ಈಟ್ ಕಾರ್ಮಿಕ ಸಂಘಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಗ್ಲೋವೊ ದಂಡ ತೆರುತ್ತ, ವ್ಯಾಜ್ಯ ಆಡುತ್ತ ಸ್ವಂತ ದುಡಿಮೆಯವರ ಮಾದರಿಯನ್ನೇ ಎಳೆದು, ಕೊನೆಗೆ 2024ರ ಡಿಸೆಂಬರ್‌ನಲ್ಲಿ ನೌಕರಿ ಮಾದರಿಗೆ ಬರುವುದಾಗಿ ಘೋಷಿಸಿತು. ಕಾನೂನು ಬರೆದ ದಿನಕ್ಕೂ ಅದು ಬೀದಿಗೆ ಇಳಿಯುವ ದಿನಕ್ಕೂ ನಡುವೆ ಮೂರು ವರ್ಷಕ್ಕೂ ಮಿಕ್ಕಿದ ದೂರ.

ಕ್ಯಾಲಿಫೋರ್ನಿಯಾದಲ್ಲಿ ಕಂಪನಿಗಳು ಎದುರು ದಿಕ್ಕಿನಿಂದ ಬಂದವು. 20 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ 2020ರ ನವೆಂಬರ್‌ನಲ್ಲಿ ‘ಪ್ರೊಪೊಸಿಷನ್ 22’ ಎಂಬ ಜನಮತದ ಕಾನೂನನ್ನು ಗೆಲ್ಲಿಸಿಕೊಂಡವು. ಚಾಲಕರೂ ರೈಡರ್‌ಗಳೂ ಸ್ವತಂತ್ರರಾಗಿಯೇ ಉಳಿಯುತ್ತಾರೆ, ಆದರೆ ಕನಿಷ್ಠ ವೇತನದ ಶೇ. 120ರಷ್ಟು ಗಳಿಕೆಗೆ ಖಾತರಿ ಎಂದಿತು ಅದು. ಕೇಳಲು ಉದಾರವಾಗಿದೆ. ಸಣ್ಣ ಅಕ್ಷರದಲ್ಲಿ ಇರುವುದೇನೆಂದರೆ, ಈ ಖಾತರಿ ಆರ್ಡರ್ ಒಪ್ಪಿಕೊಂಡಾಗಿನಿಂದ ಮುಗಿಸುವವರೆಗಿನ ಹೊತ್ತಿಗೆ ಮಾತ್ರ. ಮೇಲಿನ ಕಲ್ಪಿತ ಲೆಕ್ಕದ ರೈಡರಿಗೆ ಹತ್ತರಲ್ಲಿ ಆರು ಗಂಟೆಯ ಖಾತರಿ. ಹತ್ತೂ ಗಂಟೆಗೆ ಹಂಚಿದರೆ ಶೇ. 120 ಎಂಬುದು ಶೇ. 72ಕ್ಕೆ ಇಳಿಯುತ್ತದೆ, ಗಾಡಿಯ ಖರ್ಚಿನ ಬಹುಪಾಲನ್ನು ಇನ್ನೂ ಕಳೆದಿಲ್ಲ.

ನ್ಯೂಯಾರ್ಕ್ ನಗರ ಬೇರೆಯದೇ ಕೆಲಸ ಮಾಡಿತು. ಹೆಸರಿನ ಜಗಳಕ್ಕೆ ಹೋಗದೆ, ಊಟದ ಆ್ಯಪ್‌ಗಳು ರೈಡರ್‌ಗಳಿಗೆ ಕೊಡಬೇಕಾದ ಕನಿಷ್ಠ ದರ ಗೊತ್ತುಮಾಡಿತು. ಮೊದಲು ಗಂಟೆಗೆ 17.96 ಡಾಲರ್, 2025ರ ಏಪ್ರಿಲ್‌ನಿಂದ 21.44 ಡಾಲರ್, ಟಿಪ್ಸ್ ಬೇರೆ. ಮುಖ್ಯ ಸಂಗತಿ, ಈ ದರ ಗೊತ್ತುಮಾಡುವಾಗ ಲಾಗಿನ್ ಆಗಿ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿದ್ದು.

ಮುಂದೆ ಆದದ್ದನ್ನು ನೋಡಿದರೆ ಈ ವ್ಯವಹಾರದ ಒಳಗುಟ್ಟು ಗೊತ್ತಾಗುತ್ತದೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರಿರುತ್ತಾರಲ್ಲ! ದೊಡ್ಡ ಆ್ಯಪ್‌ಗಳು ಟಿಪ್ಸ್ ಕೇಳುವ ಗುಂಡಿಯನ್ನು ಆರ್ಡರ್ ಮಾಡುವಾಗಿನಿಂದ ತೆಗೆದು ಊಟ ಮುಟ್ಟಿದ ಮೇಲಕ್ಕೆ ಸರಿಸಿದವು. ಸಹಜವಾಗಿಯೇ ಟಿಪ್ಸ್ ಕುಸಿಯಿತು. ಜೊತೆಗೆ, ಆರ್ಡರ್ ಕಡಿಮೆ ಇರುವ ಹೊತ್ತಿನಲ್ಲಿ ರೈಡರ್‌ಗಳಿಗೆ ಲಾಗಿನ್ ಆಗಲು ಬಿಡದ ಪದ್ಧತಿ ಶುರುವಾಯಿತು. ಇದನ್ನು ಕಾನೂನಿನ ಸೋಲೆಂದು ಕಂಪನಿಗಳ ಪರ ಇರುವವರು ತೋರಿಸುತ್ತಾರೆ. ನಾನು ಓದುವುದು ಬೇರೆ ಥರ. ಯಾವ ಹೊತ್ತಿಗೆ ಎಷ್ಟು ಮಂದಿ ಬೇಕೆಂದು ಲೆಕ್ಕ ಇಡಲು ಆಗುವುದೇ ಇಲ್ಲ ಎನ್ನುತ್ತಿದ್ದವರು, ಕಾಯುವಿಕೆಗೆ ಬೆಲೆ ಬಿದ್ದ ಕೂಡಲೇ ಲೆಕ್ಕ ಇಡತೊಡಗಿದರು. ಆದರೆ ಅದರ ಬಿಸಿ ತಟ್ಟಿದ್ದು ಬಾಗಿಲ ಹೊರಗೆ ಉಳಿದವರಿಗೆ ಎಂಬುದೂ ಅಷ್ಟೇ ನಿಜ. ಬೇಕಾದಾಗ ಲಾಗಿನ್ ಎಂಬ ಸ್ವಾತಂತ್ರ್ಯಕ್ಕೆ ಬೆಲೆ ಇದೆ. ಇಷ್ಟು ದಿನ ಅದನ್ನು ತೆರುತ್ತಿದ್ದವರು ರೈಡರ್‌ಗಳೇ.

ಭಾರತದ ದಾರಿ ಇವೆಲ್ಲಕ್ಕಿಂತ ಬೇರೆ. ಇಲ್ಲಿ ಕೂಲಿಯ ಪ್ರಶ್ನೆಯನ್ನು ಬದಿಗಿಟ್ಟು ನಿಧಿ ಕಟ್ಟುವ ಕೆಲಸ ನಡೆದಿದೆ. ಕೇಂದ್ರದ ಸಂಹಿತೆಯ ಪ್ರಕಾರ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2ರಷ್ಟನ್ನು, ಕಾರ್ಮಿಕರಿಗೆ ಕೊಡುವ ಮೊತ್ತದ ಶೇ. 5 ಮೀರದಂತೆ, ಸಾಮಾಜಿಕ ಭದ್ರತೆಗೆ ಕಟ್ಟಬೇಕು. ಅಪಘಾತ, ಆರೋಗ್ಯ, ಹೆರಿಗೆ, ಮುಪ್ಪಿನ ಕಾಲದ ನೆರವಿಗೆ ಅದು ಮೀಸಲು. 2023ರಲ್ಲಿ ರಾಜಸ್ಥಾನ, 2025ರಲ್ಲಿ ಕರ್ನಾಟಕ ತಮ್ಮದೇ ಕಾನೂನು ಮಾಡಿವೆ. ಕರ್ನಾಟಕದ ಕಾನೂನು ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸದಿಂದ ತೆಗೆಯುವ ಮುನ್ನ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕೆನ್ನುತ್ತದೆ. ನೀತಿ ಆಯೋಗ 2022ರಲ್ಲಿ ಅಂದಾಜಿಸಿದಂತೆ 2020–21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು, 2029–30ಕ್ಕೆ ಅದು 2.35 ಕೋಟಿ ಮುಟ್ಟಬಹುದು. ಅಷ್ಟು ಮಂದಿಗೆ ಅಪಘಾತದ ವಿಮೆ ಸಿಗುವುದು ಸಣ್ಣ ಮಾತಲ್ಲ. ಆದರೂ ನಮ್ಮ ಲೆಕ್ಕಕ್ಕೆ ಒಡ್ಡಿದರೆ, ಬಿದ್ದಾಗ ಎತ್ತಿಕೊಳ್ಳುವ ಕಾನೂನು ಇದು. ಬೀಳುವಂತೆ ಓಡಿಸುವ ಕೂಲಿಯ ಪದ್ಧತಿಯನ್ನು ಇದು ಮುಟ್ಟುವುದಿಲ್ಲ.

ಮುಖ ಕಾಣದ ಮೇಸ್ತ್ರಿ

ಕೂಲಿಯಷ್ಟೇ ಕಾಡುವ ಇನ್ನೊಂದು ಸಂಗತಿ ಐಡಿ ಬ್ಲಾಕ್. ಬೆಳಿಗ್ಗೆ ಎದ್ದು ಆ್ಯಪ್ ತೆರೆದರೆ ಖಾತೆ ಬಂದ್. ಯಾಕೆಂದು ಕೇಳಲು ಕಚೇರಿಯಿಲ್ಲ, ಮಾತಾಡಲು ಮನುಷ್ಯರಿಲ್ಲ, ಚಾಟ್‌ನಲ್ಲಿ ಸಿದ್ಧ ಉತ್ತರಗಳು ಮಾತ್ರ. ಸಿಟ್ಟಿನ ಮೇಸ್ತ್ರಿಯಾದರೂ ಎದುರಿಗೆ ಸಿಗುತ್ತಿದ್ದ.

2022ರ ಅಕ್ಟೋಬರ್‌ನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಯುವ ರೈಡರ್ ಒಬ್ಬರು ಡೆಲಿವರಿ ವೇಳೆ ಅಪಘಾತದಲ್ಲಿ ತೀರಿಕೊಂಡರು. ಮರುದಿನ ಅವರ ಖಾತೆಗೆ ಯಂತ್ರದಿಂದ ಸಂದೇಶ ಬಂತು: ಷರತ್ತು ಪಾಲಿಸದ ಕಾರಣ ಖಾತೆ ಮುಚ್ಚಲಾಗಿದೆ ಎಂದು. ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರ ಈ ಸಾವಿನ ನಂತರ ತನಿಖೆ ನಡೆಸಿ, ಗ್ಲೋವೊ ಗುಂಪಿನ ಫುಡಿನ್ಹೊ ಕಂಪನಿಗೆ 2024ರಲ್ಲಿ 50 ಲಕ್ಷ ಯೂರೊ ದಂಡ ಹಾಕಿತು. ಯಂತ್ರಕ್ಕೆ ಕೆಟ್ಟ ಉದ್ದೇಶವಿರಲಿಲ್ಲ. ಪೊಟ್ಟಣ ತಲುಪಿರಲಿಲ್ಲ, ಅದಕ್ಕೆ ಗೊತ್ತಿದ್ದದ್ದು ಅಷ್ಟೆ.

ಐರೋಪ್ಯ ಒಕ್ಕೂಟದ ನಿರ್ದೇಶನದಲ್ಲಿ ಹೆಚ್ಚು ಗಟ್ಟಿಯಾಗಿರುವುದು ಈ ಭಾಗವೇ. ಖಾತೆ ಅಮಾನತು ಮಾಡುವ, ಮುಚ್ಚುವ ತೀರ್ಮಾನ ಮನುಷ್ಯರದ್ದಾಗಿರಬೇಕು. ಕೆಲಸಗಾರರ ಭಾವನಾತ್ಮಕ ಸ್ಥಿತಿಯ ಬಗ್ಗೆ, ಅವರ ಖಾಸಗಿ ಮಾತುಕತೆಯ ಬಗ್ಗೆ ದತ್ತಾಂಶ ಬಳಸುವಂತಿಲ್ಲ. ಈ ರಕ್ಷಣೆ ನೌಕರರೆಂದು ಸಾಬೀತಾದವರಿಗೆ ಮಾತ್ರವಲ್ಲ, ಬಹುಮಟ್ಟಿಗೆ ಸ್ವಂತ ದುಡಿಮೆಯವರಿಗೂ ಅನ್ವಯಿಸುತ್ತದೆ.

ಖರ್ಚು ಹೋಗಿ ಬೀಳುವ ಜಾಗ

ಕಾಯುವ ಹೊತ್ತಿಗೆ ದುಡ್ಡು ಕೊಡಬೇಕೆಂದಾದರೆ ಅದು ಎಲ್ಲಿಂದಲೋ ಬರಬೇಕು. ಗ್ರಾಹಕರ ಬಿಲ್ಲು, ಹೋಟೆಲಿನಿಂದ ಕೀಳುವ ಕಮಿಷನ್, ಕಂಪನಿಯ ಲಾಭ ಬಿಟ್ಟರೆ ಬೇರೆ ಮೂಲವಿಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ 2024ರ ಜನವರಿಯಲ್ಲಿ ಕನಿಷ್ಠ ಪಾವತಿಯ ನಿಯಮ ಬಂದಾಗ ಕಂಪನಿಗಳು ಪ್ರತಿ ಆರ್ಡರಿಗೆ ಸುಮಾರು 5 ಡಾಲರ್ ಶುಲ್ಕ ಸೇರಿಸಿದವು, ಆರ್ಡರ್‌ಗಳು ಇಳಿದವು. ಆರ್ಡರ್ ಇಳಿದರೆ ಹೋಟೆಲಿಗೂ ಪೆಟ್ಟು, ರೈಡರಿಗೂ ಪೆಟ್ಟು. ಒಂದು ಗಂಟೆಯ ದರ ಏರಿ, ಸಿಗುವ ಗಂಟೆಗಳು ಕಡಿಮೆಯಾದರೆ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ಹೆಚ್ಚೋ ಕಡಿಮೆಯೋ ಎಂಬುದು ಊರಿಂದೂರಿಗೆ ಬದಲಾಗುತ್ತದೆ. ಇಷ್ಟಂತೂ ಹೇಳಬಹುದು: ಅಗ್ಗದ ಡೆಲಿವರಿಗೆ ಯಾರೂ ಖರ್ಚು ಮಾಡುತ್ತಿರಲಿಲ್ಲ ಎಂದಲ್ಲ, ಆ ಖರ್ಚು ಬಿಲ್ಲಿನಲ್ಲಿ ಕಾಣುತ್ತಿರಲಿಲ್ಲ.

ಮುಂದಿನ ಜಗಳ ಯುರೋಪಿನಲ್ಲಿ ನಡೆಯುವ ಸೂಚನೆಗಳಿವೆ. 2021ರ ಡಿಸೆಂಬರ್‌ನಲ್ಲಿ ಐರೋಪ್ಯ ಆಯೋಗ ಮಂಡಿಸಿದ ಈ ನಿರ್ದೇಶನದ ಮೂಲ ಕರಡಿನಲ್ಲಿ ಕಂಪನಿಯ ಹಿಡಿತವನ್ನು ಅಳೆಯಲು ಐದು ಅಂಶಗಳಿದ್ದವು. ಎರಡು ಹೊಂದಿದರೆ ನೌಕರಿ ಎಂದು ಭಾವಿಸಬಹುದಿತ್ತು. ಮೂರು ವರ್ಷದ ಹಗ್ಗಜಗ್ಗಾಟದಲ್ಲಿ ಆ ಪಟ್ಟಿ ಬಿದ್ದುಹೋಯಿತು. ಅಂತಿಮ ಪಠ್ಯದಲ್ಲಿ ಉಳಿದದ್ದು, ಕಂಪನಿಯ ಹಿಡಿತ ಮತ್ತು ಅಪ್ಪಣೆ ಇರುವುದು ಕಂಡುಬಂದರೆ ನೌಕರಿ ಎಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಕಂಪನಿಯದು ಎಂಬ ತತ್ವ. ಹಿಡಿತ ಎಂದರೇನು ಎಂಬುದನ್ನು 27 ದೇಶಗಳೂ ತಮ್ಮ ತಮ್ಮ ಕಾನೂನು, ಕೂಲಿ ಒಪ್ಪಂದ, ರೂಢಿಗಳ ಪ್ರಕಾರ ತೀರ್ಮಾನಿಸಬೇಕು. ಕಾಯುವ ಹೊತ್ತಿಗೆ ಎಷ್ಟು ಕೂಲಿ ಎಂಬುದನ್ನು ನಿರ್ದೇಶನ ಗೊತ್ತುಮಾಡಿಲ್ಲ. ಗಡಿಯ ಈಚೆ ಕಟ್ಟೆಯ ಮೇಲೆ ಕೂತು ಫೋನು ನೋಡುತ್ತಿರುವ ರೈಡರ್ ಕೆಲಸದಲ್ಲಿದ್ದಾರೆ, ಆಚೆ ಬದಿಯವರು ಸುಮ್ಮನೆ ಕೂತಿದ್ದಾರೆ ಎಂದು ತೀರ್ಪು ಬರುವುದಕ್ಕೆ ಇನ್ನೂ ಜಾಗ ಉಳಿದಿದೆ.